ಎರಡನೆಯ ಪ್ರತಿ ಎಲ್ಲಿರಬೇಕು? ಕಂಪ್ಯೂಟರ್ ಬ್ಯಾಕಪ್‌ನ ದಾರಿಗಳನ್ನು ತೂಗಿ ನೋಡಿದಾಗ

ಹನ್ನೊಂದು ಗಂಟೆಗಳ ಧ್ವನಿಮುದ್ರಣ ನನ್ನ ಬಳಿ ಇಲ್ಲ. ಇರಬೇಕಾಗಿತ್ತು. ಜೇವರ್ಗಿ ಕಡೆಯ ಒಂದು ಹಳ್ಳಿಯ ಮಠದಲ್ಲಿ ಮೂರು ರಾತ್ರಿ ಕುಳಿತು, ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಪದಗಳನ್ನು ಏಕತಾರಿ ಹಿಡಿದು ಹಾಡುತ್ತಿದ್ದ ಹಿರಿಯರೊಬ್ಬರ ದನಿಯನ್ನು ತುಂಬಿಕೊಂಡು ಬಂದಿದ್ದೆ. ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆಂದು ಎಲ್ಲವನ್ನೂ ಪೋರ್ಟಬಲ್ ಹಾರ್ಡ್ ಡಿಸ್ಕಿಗೆ ಸಾಗಿಸಿ, ಮೂಲವನ್ನು ಅಳಿಸಿದೆ. ಡಿಸ್ಕಿನಲ್ಲಿದ್ದದ್ದನ್ನೇ ಬ್ಯಾಕಪ್ ಎಂದು ನಂಬಿದ್ದೆ. ನಿಜದಲ್ಲಿ ಇದ್ದದ್ದು ಒಂದೇ ಪ್ರತಿ, ಅದರ ಜಾಗ ಮಾತ್ರ ಬದಲಾಗಿತ್ತು. ಮೇ ತಿಂಗಳ ಒಂದು ಮಧ್ಯಾಹ್ನ ಕಾಲಿಗೆ ವೈರು ಸಿಕ್ಕಿ, ತಿರುಗುತ್ತಿದ್ದ ಡಿಸ್ಕ್ ಮೇಜಿನಿಂದ ಶಹಾಬಾದ್ ಕಲ್ಲಿನ ನೆಲಕ್ಕೆ ಬಿತ್ತು. ಮತ್ತೆ ಜೋಡಿಸಿದಾಗ ಟಕ್, ಟಕ್ ಎಂಬ ಸದ್ದು ಬಿಟ್ಟರೆ ಬೇರೇನೂ ಬರಲಿಲ್ಲ. ಹೈದರಾಬಾದಿನ ಒಂದು ಅಂಗಡಿಯವರು ಎರಡು ತಿಂಗಳು ಇಟ್ಟುಕೊಂಡು ಮೊದಲ ರಾತ್ರಿಯ ಹಾಡುಗಳನ್ನು ಹೊರತೆಗೆದು ಕೊಟ್ಟರು. ಉಳಿದ ಎರಡು ರಾತ್ರಿ ಸಿಗಲಿಲ್ಲ. ಅಷ್ಟರಲ್ಲಿ ಹಾಡಿದವರೂ ತೀರಿಕೊಂಡಿದ್ದರು.

ಕಲಬುರಗಿಯಲ್ಲಿ ಡಿಟಿಪಿ (ಕಂಪ್ಯೂಟರಿನಲ್ಲಿ ಪುಸ್ತಕದ ಪುಟ ಜೋಡಿಸುವ) ಕೆಲಸ ಮಾಡುವ ನನಗೆ ಅಂದಿನಿಂದ ಬ್ಯಾಕಪ್ ಎನ್ನುವುದು ಕಂಪ್ಯೂಟರಿನ ವಿಷಯವಾಗಿ ಉಳಿದಿಲ್ಲ. ಪುಸ್ತಕ ಜೋಡಿಸಲು ಬರುವವರು, ಪಕ್ಕದ ಸ್ಟುಡಿಯೊದವರು, ಗಂಜಿನ ತೊಗರಿ ವ್ಯಾಪಾರಿಗಳು, ಶಾಲಾ ಶಿಕ್ಷಕರು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಯಾವುದು ಕೊಳ್ಳಲಿ? ಅದಕ್ಕೆ ಉತ್ತರಿಸುವ ಮೊದಲು ನಾನು ಬೇರೆ ಎರಡು ಪ್ರಶ್ನೆ ಕೇಳುತ್ತೇನೆ. ನಿಮ್ಮ ಕಂಪ್ಯೂಟರಿನಲ್ಲಿ ಮತ್ತೆ ಮಾಡಲು ಸಾಧ್ಯವೇ ಇಲ್ಲದ್ದು ಯಾವುದು? ಅದು ಯಾವ ರೀತಿಯಲ್ಲಿ ಕೈತಪ್ಪಬಹುದು?

ಸಿನಿಮಾ ಕಳೆದುಹೋದರೆ ಮತ್ತೆ ಸಿಗುತ್ತದೆ. ಸಾಫ್ಟ್‌ವೇರನ್ನು ಮತ್ತೆ ಹಾಕಿಕೊಳ್ಳಬಹುದು. ಮಗಳ ಮೊದಲ ಹುಟ್ಟುಹಬ್ಬದ ಚಿತ್ರ, ಅರ್ಧಕ್ಕೆ ಬಂದಿರುವ ಪಿಎಚ್.ಡಿ. ಪ್ರಬಂಧ, ಆರು ವರ್ಷಗಳ ಲೆಕ್ಕಪತ್ರ ಇವು ಹಾಗಲ್ಲ. ಹೆಚ್ಚಿನವರಿಗೆ ಈ ಎರಡನೆಯ ಗುಂಪು ತಾವು ಅಂದುಕೊಂಡಿದ್ದಕ್ಕಿಂತ ಬಹಳ ಚಿಕ್ಕದಾಗಿರುತ್ತದೆ. 800 ಜಿಬಿ ತುಂಬಿದ ಕಂಪ್ಯೂಟರನ್ನು ಕೂತು ಸೋಸಿದರೆ ಕೊನೆಗೆ 40 ಜಿಬಿ ಉಳಿಯುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಆ ಒಂದು ಮಧ್ಯಾಹ್ನದ ಕೆಲಸ ಖರ್ಚನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತದೆ.

ಇನ್ನು ಕೈತಪ್ಪುವ ಬಗೆ. ಬೀಳುವುದು, ಕರೆಂಟ್ ಹೋಗಿ ಬರುವಾಗಿನ ಹೊಡೆತ, ಬಿಸಿಲು, ಕಳ್ಳತನ, ನೀರು, ವೈರಸ್, ನಮ್ಮದೇ ಬೆರಳು ತಪ್ಪಿ ಒತ್ತಿದ ಡಿಲೀಟ್. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿದಾಗ ದಂಡೆಯ ಊರುಗಳಲ್ಲಿ ಮನೆಗಳೇ ನೀರಿನಲ್ಲಿ ನಿಂತವು. ಅಂಥ ದಿನ ಒಂದೇ ಅಲಮಾರಿಯಲ್ಲಿ ಐದು ಪ್ರತಿಗಳಿದ್ದರೂ ಅವು ಐದೂ ಒಟ್ಟಿಗೆ ನೆನೆಯುತ್ತವೆ. ಹೀಗಾಗಿ ಕೆಳಗಿನ ಯಾವ ಸಾಧನವನ್ನೂ 'ಸುರಕ್ಷಿತ' ಎಂದು ಒಂದೇ ಮಾತಿನಲ್ಲಿ ಹೇಳಲಾಗದು. ಯಾವುದರಿಂದ ಸುರಕ್ಷಿತ ಎಂದೇ ಕೇಳಬೇಕು.

ಪೆನ್ ಡ್ರೈವ್ ಮತ್ತು ಡಿವಿಡಿ

ಇವೆರಡನ್ನು ಬೇಗ ಮುಗಿಸುತ್ತೇನೆ. ಪೆನ್ ಡ್ರೈವ್ ಇರುವುದು ಅಂಗಡಿಯಿಂದ ಮುದ್ರಣಾಲಯಕ್ಕೆ ಕಡತ ಒಯ್ಯಲು. ಅಗ್ಗದ ಡ್ರೈವುಗಳಲ್ಲಿ ಗುಣಮಟ್ಟ ಹೇಗಿರುತ್ತದೆ ಎಂದು ಹೇಳಲಾಗದು. ಹೆಚ್ಚು ಜಿಬಿ ಎಂದು ತೋರಿಸಿ, ಒಳಗೆ ಅಷ್ಟು ಜಾಗವೇ ಇಲ್ಲದ ನಕಲಿ ಮಾಲೂ ಮಾರುಕಟ್ಟೆಯಲ್ಲಿದೆ. ಅಂಥದ್ದರಲ್ಲಿ ಕಡತಗಳ ಹೆಸರು ಕಾಣುತ್ತದೆ, ತೆರೆದರೆ ಏನೂ ಇರುವುದಿಲ್ಲ. 'ಎಚ್2ಟೆಸ್ಟ್‌ಡಬ್ಲ್ಯೂ' ಎಂಬ ಉಚಿತ ತಂತ್ರಾಂಶ ಡ್ರೈವನ್ನು ಪೂರ್ತಿ ತುಂಬಿಸಿ, ಓದಿ, ನಿಜವಾದ ಜಾಗವೆಷ್ಟು ಎಂದು ತಿಳಿಸುತ್ತದೆ. ಡಿವಿಡಿಯಲ್ಲಿ ಹಿಡಿಯುವುದು 4.7 ಜಿಬಿ ಮಾತ್ರ. ಮನೆಯಲ್ಲಿ ಬರೆಯುವ ಡಿಸ್ಕಿನ ಬಣ್ಣದ ಪದರ ಬಿಸಿಲಿಗೆ, ಬೆಳಕಿಗೆ ಕೆಡುತ್ತದೆ. ಅದನ್ನು ಓದುವ ಡ್ರೈವ್ ಹೊಸ ಲ್ಯಾಪ್‌ಟಾಪುಗಳಲ್ಲಿ ಬಹುತೇಕ ಇಲ್ಲ. ಮದುವೆಯ ವಿಡಿಯೊ ಇನ್ನೂ ಡಿವಿಡಿಯಲ್ಲೇ ಇದ್ದರೆ ಈ ವಾರವೇ ಹೊರತೆಗೆದು ಬೇರೆಡೆಗೆ ಹಾಕಿ.

ಹಾರ್ಡ್ ಡಿಸ್ಕ್ ಅಥವಾ ಎಸ್ಎಸ್‌ಡಿ

ಒಂದು ಜಿಬಿಗೆ ಬೀಳುವ ಬೆಲೆಯಲ್ಲಿ ಪೋರ್ಟಬಲ್ ಹಾರ್ಡ್ ಡಿಸ್ಕನ್ನು ಮೀರಿಸುವುದು ಇನ್ನೂ ಕಷ್ಟ. ಒಳಗೆ ತೆಳುವಾದ ತಟ್ಟೆಗಳು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತವೆ, ಅವುಗಳ ಮೇಲೆ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ಓದುವ ಮುಳ್ಳು ತೇಲುತ್ತದೆ. ನಿಂತಿರುವ ಡಿಸ್ಕ್ ಬಿದ್ದರೆ ಬದುಕುವ ಸಾಧ್ಯತೆ ಇದೆ. ತಿರುಗುವಾಗ ಬಿದ್ದರೆ ಆ ಮುಳ್ಳು ತಟ್ಟೆಗೆ ತಗಲುತ್ತದೆ. ಟಕ್ ಸದ್ದು ಕೇಳಿದ ಮೇಲೆ ಮತ್ತೆ ಮತ್ತೆ ಜೋಡಿಸಿ ನೋಡುವುದು ಉಳಿದದ್ದನ್ನೂ ಕೆರೆದು ಹಾಕಿದಂತೆ. ನಾನು ಮಾಡಿದ ಎರಡನೆಯ ತಪ್ಪು ಅದು. ನೀವು ಮಾಡಬೇಡಿ, ತಕ್ಷಣ ಬಿಚ್ಚಿ ಪಕ್ಕಕ್ಕಿಡಿ.

ನಮ್ಮ ಊರಿನವರು ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಅನೇಕ ಪೋರ್ಟಬಲ್ ಡಿಸ್ಕುಗಳ ವಿವರಪತ್ರದಲ್ಲಿ ಬಳಸುವಾಗಿನ ಉಷ್ಣಾಂಶದ ಮಿತಿ 35 ಡಿಗ್ರಿ ಸೆಲ್ಸಿಯಸ್ ಎಂದಿರುತ್ತದೆ. ಇಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ 40 ದಾಟುವುದು ಹೊಸದಲ್ಲ. ತಗಡಿನ ಛಾವಣಿಯ ಅಂಗಡಿಯ ಒಳಗಿನ ಸ್ಥಿತಿ ಇನ್ನೂ ಕೆಟ್ಟದು. ಬಿಸಿಲಿಗೆ ಅಂಜಿ ಸರ್ಕಾರಿ ಕಚೇರಿಗಳನ್ನೇ ಆ ಎರಡು ತಿಂಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸುವ ಊರು ನಮ್ಮದು. ಬ್ಯಾಕಪ್‌ಗೂ ಅದೇ ವೇಳಾಪಟ್ಟಿ ಇರಲಿ. ಎರಡು ಗಂಟೆ ಹಿಡಿಯುವ ನಕಲನ್ನು ಬೆಳಗಿನ ತಂಪಿನಲ್ಲಿ ಮುಗಿಸಿ. ಡಿಸ್ಕನ್ನು ದ್ವಿಚಕ್ರ ವಾಹನದ ಡಿಕ್ಕಿಯಲ್ಲೋ ನಿಲ್ಲಿಸಿದ ಕಾರಿನಲ್ಲೋ ಬಿಟ್ಟು ಹೋಗಬೇಡಿ. ಕೂಲರಿನ ಹತ್ತಿರವೂ ಬೇಡ, ಅಲ್ಲಿ ತಂಪಿನ ಜೊತೆ ತೇವವೂ ಇರುತ್ತದೆ.

ಎಸ್ಎಸ್‌ಡಿ ಎಂದರೆ ಚಿಪ್ಪುಗಳಲ್ಲಿ ಮಾಹಿತಿ ಇಡುವ ಡ್ರೈವ್, ಅದರಲ್ಲಿ ತಿರುಗುವ ಭಾಗವಿಲ್ಲ. ಬಿದ್ದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ವೇಗವೂ ಹಲವು ಪಟ್ಟು ಹೆಚ್ಚು. ಹಾಗಾದರೆ ಅದನ್ನೇ ಕೊಂಡರೆ ಆಯಿತಲ್ಲ ಎನಿಸುತ್ತದೆ. ಆದರೆ ಎಸ್ಎಸ್‌ಡಿ ಮಾಹಿತಿಯನ್ನು ವಿದ್ಯುದಂಶವಾಗಿ ಹಿಡಿದಿಡುತ್ತದೆ, ಕರೆಂಟ್ ಕೊಡದೆ ಇಟ್ಟರೆ ಅದು ಮೆಲ್ಲಗೆ ಸೋರುತ್ತದೆ. ಶಾಖ ಹೆಚ್ಚಿದಷ್ಟೂ ಸೋರಿಕೆ ಹೆಚ್ಚು. ಜೆಡೆಕ್ ಎಂಬ ಮಾನಕ ಸಂಸ್ಥೆಯ ಪ್ರಕಾರ, ಬರೆಯುವ ಆಯುಷ್ಯ ಪೂರ್ತಿ ತೀರಿದ ಮನೆಬಳಕೆಯ ಎಸ್ಎಸ್‌ಡಿ 30 ಡಿಗ್ರಿ ಉಷ್ಣಾಂಶದಲ್ಲಿ, ಕರೆಂಟ್ ಇಲ್ಲದೆ ಒಂದು ವರ್ಷ ಮಾಹಿತಿಯನ್ನು ಉಳಿಸಿಕೊಳ್ಳಬೇಕು. ಹೊಸ ಎಸ್ಎಸ್‌ಡಿ ಇದಕ್ಕಿಂತ ಬಹಳ ಹೆಚ್ಚು ಕಾಲ ತಡೆಯುತ್ತದೆ, ಹೆದರಬೇಕಿಲ್ಲ. ಆದರೂ ನಮ್ಮ ಬೇಸಿಗೆಯಲ್ಲಿ ಮೂರು ವರ್ಷ ಮುಟ್ಟದೆ ಅಲಮಾರಿಯಲ್ಲಿ ಇಡುವ ಪ್ರತಿಗೆ ನಾನು ಹಾರ್ಡ್ ಡಿಸ್ಕನ್ನೇ ಆರಿಸುತ್ತೇನೆ. ದಿನವೂ ಚೀಲದಲ್ಲಿ ತಿರುಗುವ, ವಾರಕ್ಕೊಮ್ಮೆಯಾದರೂ ಜೋಡಿಸುವ ಪ್ರತಿಗೆ ಎಸ್ಎಸ್‌ಡಿ ಒಳ್ಳೆಯದು. ಛಾಯಾಗ್ರಾಹಕರು ಮದುವೆ ಮನೆಯಲ್ಲೇ ಒಂದು ನಕಲು ತೆಗೆದುಕೊಳ್ಳಲು ಇದಕ್ಕಿಂತ ಉತ್ತಮವಾದದ್ದು ಇಲ್ಲ.

ಇನ್ನು ಕೆಲವರು ಕಂಪ್ಯೂಟರಿನ ಒಳಗೇ ಎರಡನೆಯ ಡಿಸ್ಕ್ ಕೂರಿಸಿ, ಅಥವಾ ಎರಡು ಡಿಸ್ಕುಗಳ ನ್ಯಾಸ್ ಪೆಟ್ಟಿಗೆ (ನೆಟ್‌ವರ್ಕಿನ ಮೂಲಕ ಎಲ್ಲರೂ ಬಳಸುವ ಸಂಗ್ರಹ) ತಂದು, ಎರಡರಲ್ಲೂ ಒಂದೇ ಮಾಹಿತಿ ಬರೆಯುವ ರೇಡ್ ಹಾಕಿಸಿ ನಿಶ್ಚಿಂತರಾಗುತ್ತಾರೆ. ರೇಡ್ ವ್ಯವಸ್ಥೆಯಲ್ಲಿ ಒಂದು ಡಿಸ್ಕ್ ಕೆಟ್ಟರೆ ಇನ್ನೊಂದರಿಂದ ಕೆಲಸ ಮುಂದುವರಿಯುತ್ತದೆ. ನಾಲ್ಕು ಜನ ಒಂದೇ ಕಡತಗಳ ಮೇಲೆ ಕೆಲಸ ಮಾಡುವ ಕಚೇರಿಗೆ ಅದರ ಉಪಯೋಗ ದೊಡ್ಡದು. ಆದರೆ ಒಂದರಲ್ಲಿ ಅಳಿಸಿದ್ದು ಅದೇ ಕ್ಷಣ ಇನ್ನೊಂದರಲ್ಲೂ ಅಳಿಯುತ್ತದೆ. ಕರೆಂಟಿನ ಹೊಡೆತ ಬಂದರೆ ಎರಡಕ್ಕೂ ಬರುತ್ತದೆ. ಕಳ್ಳ ಪೆಟ್ಟಿಗೆಯನ್ನು ಹಾಗೆಯೇ ಎತ್ತಿಕೊಂಡು ಹೋಗುತ್ತಾನೆ. ರೇಡ್ ಕೆಲಸ ನಿಲ್ಲದಂತೆ ನೋಡಿಕೊಳ್ಳುತ್ತದೆ, ಬ್ಯಾಕಪ್ ಬೇರೆಯೇ ಬೇಕು. ಆ ಹಣದಲ್ಲಿ ಎರಡು ಸಾಧಾರಣ ಹಾರ್ಡ್ ಡಿಸ್ಕ್ ಮತ್ತು ಒಂದು ಯುಪಿಎಸ್ ಕೊಳ್ಳುವುದು ಸಣ್ಣ ಅಂಗಡಿಗೆ ಹೆಚ್ಚು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಕ್ಲೌಡ್: ಎರಡು ಬೇರೆ ಬೇರೆ ವಸ್ತುಗಳಿಗೆ ಒಂದೇ ಹೆಸರು

ಕ್ಲೌಡ್ ಎಂದರೆ ಇಂಟರ್ನೆಟ್ ಮೂಲಕ ಬೇರೆ ಕಂಪನಿಯ ಕಂಪ್ಯೂಟರುಗಳಲ್ಲಿ ಕಡತ ಇಡುವುದು. 'ಎಲ್ಲ ಗೂಗಲ್ ಡ್ರೈವಿನಲ್ಲಿದೆ' ಎಂದು ಹೇಳುವವರನ್ನು ಕಂಡರೆ ನನಗೆ ಸಮಾಧಾನವೂ ಆಗುತ್ತದೆ, ಆತಂಕವೂ ಆಗುತ್ತದೆ. ಸಮಾಧಾನ ಏಕೆಂದರೆ, ಮನೆ ಮುಳುಗಿದರೂ ಆ ಪ್ರತಿ ಮುಳುಗುವುದಿಲ್ಲ. ಊರಿನಿಂದ ದೂರ ಒಂದು ಪ್ರತಿ ಇಡುವ ಅತಿ ಸುಲಭದ ದಾರಿ ಅದು. ಆತಂಕ ಏಕೆಂದರೆ, ಗೂಗಲ್ ಡ್ರೈವ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್ ಇವುಗಳ ಮುಖ್ಯ ಕೆಲಸ ಸಿಂಕ್, ಅಂದರೆ ಎರಡು ಕಡೆಯನ್ನೂ ಒಂದೇ ಸಮ ಇಡುವುದು. ಕಂಪ್ಯೂಟರಿನಲ್ಲಿ ಫೋಲ್ಡರ್ ಅಳಿಸಿದರೆ ಅಲ್ಲೂ ಹೋಗುತ್ತದೆ. ಗೂಗಲ್ ಡ್ರೈವಿನ ಕಸದ ಬುಟ್ಟಿಯಲ್ಲಿ ಅದು 30 ದಿನ ಇರುತ್ತದೆ, ಆಮೇಲೆ ಶಾಶ್ವತವಾಗಿ ಇಲ್ಲವಾಗುತ್ತದೆ. ಏಪ್ರಿಲಿನಲ್ಲಿ ತಪ್ಪಿ ಅಳಿಸಿದ್ದು ಜೂನಿನಲ್ಲಿ ನೆನಪಾದರೆ ಏನೂ ಮಾಡಲಾಗದು. ಬ್ಯಾಕಪ್‌ಗೆಂದೇ ಇರುವ ಸೇವೆ ಅಥವಾ ತಂತ್ರಾಂಶ ಹಳೆಯ ಆವೃತ್ತಿಗಳನ್ನು ತಿಂಗಳುಗಟ್ಟಲೆ ಬೇರೆಯಾಗಿ ಇಟ್ಟಿರುತ್ತದೆ. ಕೊಳ್ಳುವ ಮೊದಲು ಕೇಳಬೇಕಾದದ್ದು ಎಷ್ಟು ಜಿಬಿ ಎಂದಲ್ಲ, ಅಳಿಸಿದ್ದನ್ನು ಎಷ್ಟು ದಿನ ಇಡುತ್ತೀರಿ ಎಂದು.

ಉಚಿತ ಜಾಗದ ಲೆಕ್ಕ ಹೀಗಿದೆ: ಗೂಗಲ್‌ನಲ್ಲಿ 15 ಜಿಬಿ, ಒನ್‌ಡ್ರೈವ್‌ನಲ್ಲಿ 5, ಡ್ರಾಪ್‌ಬಾಕ್ಸ್‌ನಲ್ಲಿ 2. ಗೂಗಲ್‌ನ 15ರಲ್ಲಿ ಜಿಮೇಲ್, ಫೋಟೊಗಳು, ಡ್ರೈವ್ ಮೂರೂ ಪಾಲುದಾರರು. 2021ರ ಜೂನ್ 1ರಿಂದ ಫೋಟೊಗಳಿಗೆ ಮಿತಿಯಿಲ್ಲದ ಉಚಿತ ಜಾಗವೂ ನಿಂತಿದೆ. ಎರಡು ವರ್ಷ ಬಳಸದೆ ಬಿಟ್ಟ ಖಾತೆಯನ್ನು ಅದರೊಳಗಿನ ಎಲ್ಲದರ ಸಮೇತ ಅಳಿಸಬಹುದು ಎಂಬ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ತೀರಿಕೊಂಡ ತಂದೆಯವರ ಚಿತ್ರಗಳು ಅವರ ಖಾತೆಯಲ್ಲೇ ಉಳಿದಿದ್ದರೆ ಈಗಲೇ ಇಳಿಸಿಕೊಳ್ಳಿ.

ವೇಗವನ್ನೂ ಕಾಗದದ ಮೇಲೆ ಲೆಕ್ಕ ಹಾಕಿ ನೋಡಬೇಕು. ನಮ್ಮ ಬ್ರಾಡ್‌ಬ್ಯಾಂಡಿನಲ್ಲಿ ಮೇಲಕ್ಕೆ ಕಳಿಸುವ ವೇಗ 10 ಎಂಬಿಪಿಎಸ್ ಸಿಕ್ಕರೆ, 200 ಜಿಬಿ ಹೋಗಲು ಒಂದು ಕ್ಷಣವೂ ನಿಲ್ಲದೆ ಸುಮಾರು 44 ಗಂಟೆ ಬೇಕು. ತೊಡಕು ಕಳಿಸುವುದರಲ್ಲಿ ಅಷ್ಟಾಗಿ ಇಲ್ಲ, ರಾತ್ರಿ ಬಿಟ್ಟರೆ ಹೋಗುತ್ತದೆ. ಕಂಪ್ಯೂಟರ್ ಸತ್ತ ದಿನ ಎಲ್ಲವನ್ನೂ ಮರಳಿ ಇಳಿಸಿಕೊಳ್ಳಬೇಕಲ್ಲ, ಆಗ ಗಿರಾಕಿ ಎದುರಿಗೆ ನಿಂತಿರುತ್ತಾನೆ. ಹೀಗಾಗಿ ಚಿಕ್ಕ, ಅಮೂಲ್ಯ ಕಡತಗಳಿಗೆ ಕ್ಲೌಡ್, ದೊಡ್ಡ ರಾಶಿಗೆ ಡಿಸ್ಕ್ ಎಂದು ನಾನು ಭಾಗ ಮಾಡಿಕೊಂಡಿದ್ದೇನೆ.

ಖಾತೆಯ ಕೀಲಿಯ ಬಗ್ಗೆ ಒಂದು ಮಾತು. ಎರಡು ಹಂತದ ಪರಿಶೀಲನೆ (ಪಾಸ್‌ವರ್ಡಿನ ಜೊತೆ ಮೊಬೈಲಿಗೆ ಬರುವ ಸಂಕೇತವನ್ನೂ ಕೇಳುವುದು) ಹಾಕಿಕೊಳ್ಳಲೇಬೇಕು. ಆದರೆ ಮೊಬೈಲ್ ಸಂಖ್ಯೆ ಬದಲಿಸಿ ಖಾತೆಯಲ್ಲಿ ಹಳೆಯದನ್ನೇ ಬಿಟ್ಟವರು ತಮ್ಮದೇ ಬಾಗಿಲಿನ ಹೊರಗೆ ನಿಂತದ್ದನ್ನು ನೋಡಿದ್ದೇನೆ. ಖಾತೆ ಕೊಡುವ ತುರ್ತು ಸಂಕೇತಗಳನ್ನು ಮುದ್ರಿಸಿ, ಮನೆಯ ಪತ್ರಗಳ ಜೊತೆ ಇಡಿ.

ವಾಟ್ಸಾಪನ್ನೇ ಸಂಗ್ರಹವೆಂದು ತಿಳಿದವರೂ ಇದ್ದಾರೆ. ಅಲ್ಲಿ ಸಾಮಾನ್ಯವಾಗಿ ಕಳಿಸಿದ ಚಿತ್ರ ಕುಗ್ಗಿ ಹೋಗುತ್ತದೆ, ಮೂಲದ ಗುಣ ಮರಳಿ ಬರುವುದಿಲ್ಲ. ಅದು ಬ್ಯಾಕಪ್ ಅಲ್ಲ.

ಕನ್ನಡದ ಕಡತಗಳಿಗೆ ಇರುವ ವಿಶೇಷ ಅಪಾಯ

ಇದನ್ನು ಬೇರೆ ಭಾಷೆಯವರ ಮಾರ್ಗದರ್ಶಿಗಳು ಹೇಳುವುದಿಲ್ಲ, ಆದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತವ್ಯವಸ್ಥೆಯಾದ ಯೂನಿಕೋಡ್ ಬಳಕೆಗೆ ಬರುವ ಮೊದಲೂ, ಮುದ್ರಣಲೋಕದಲ್ಲಿ ಇಂದಿಗೂ, ನುಡಿ, ಬರಹ, ಶ್ರೀಲಿಪಿ ಮುಂತಾದವುಗಳ ಹಳೆಯ ಫಾಂಟುಗಳಲ್ಲಿ ಜೋಡಿಸಿದ ಕನ್ನಡ ರಾಶಿಗಟ್ಟಲೆ ಇದೆ. ಆ ಕಡತದೊಳಗೆ ನಿಜವಾಗಿ ಇರುವುದು ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ಸಾಲು. ಅದನ್ನು ಕನ್ನಡವಾಗಿ ತೋರಿಸುವುದು ಫಾಂಟು. ಕಡತವನ್ನು ಮೂರು ಕಡೆ ಕಾಪಾಡಿ, ಫಾಂಟನ್ನು ಮರೆತರೆ, ಹತ್ತು ವರ್ಷದ ನಂತರ ತೆರೆದಾಗ ಒಂದು ಪದವೂ ಓದಲು ಬರುವುದಿಲ್ಲ. ಪುಟ ಜೋಡಿಸುವ ಹಳೆಯ ತಂತ್ರಾಂಶವಾದ ಪೇಜ್‌ಮೇಕರಿನ ಕಡತಗಳದ್ದು ಇನ್ನೂ ಕಷ್ಟ, ಆ ತಂತ್ರಾಂಶವನ್ನೇ ತಯಾರಕರು ಕೈಬಿಟ್ಟಿದ್ದಾರೆ.

ಹಾಗಾಗಿ ನನ್ನ ಪ್ರತಿಯೊಂದು ಪುಸ್ತಕದ ಫೋಲ್ಡರಿನಲ್ಲಿ ನಾಲ್ಕು ವಸ್ತುಗಳಿರುತ್ತವೆ: ಮೂಲ ಕಡತ, ಅದಕ್ಕೆ ಬಳಸಿದ ಫಾಂಟುಗಳು, ಫಾಂಟನ್ನು ಒಳಗೇ ಅಡಕಗೊಳಿಸಿದ ಪಿಡಿಎಫ್, ಯೂನಿಕೋಡಿಗೆ ಪರಿವರ್ತಿಸಿದ ಸಾದಾ ಪಠ್ಯ. ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರಗಳು ತಪ್ಪುವುದುಂಟು, ತಿದ್ದಬೇಕಾಗುತ್ತದೆ. ಆದರೂ ಆ ಕೊನೆಯದು ಉಳಿದರೆ ಪುಸ್ತಕ ಉಳಿದಂತೆ. ಹಳ್ಳಿಯ ಲೇಖಕರೊಬ್ಬರು ಜೀವಮಾನದಲ್ಲಿ ಬರೆದ ಒಂದೇ ಪುಸ್ತಕ ನನ್ನ ಕಂಪ್ಯೂಟರಿನಲ್ಲಿರುತ್ತದೆ. ಅವರ ಮನೆಯಲ್ಲಿ ಹಸ್ತಪ್ರತಿಯೂ ಇರುವುದಿಲ್ಲ, ಅದನ್ನು ನನಗೇ ಕೊಟ್ಟಿರುತ್ತಾರೆ.

ಜೋಡಿಸಿಯೇ ಇಟ್ಟ ಡಿಸ್ಕ್

ರ‍್ಯಾನ್ಸಮ್‌ವೇರ್ ಬಗ್ಗೆ 2017ರ ಮೇ ತಿಂಗಳಲ್ಲಿ 'ವಾನಾಕ್ರೈ' ಜಗತ್ತಿನಾದ್ಯಂತ ಹರಡಿದಾಗ ಪತ್ರಿಕೆಗಳಲ್ಲಿ ಎಲ್ಲರೂ ಓದಿದ್ದೇವೆ. ಆ ಬಗೆಯ ವೈರಸ್ ಕಡತಗಳನ್ನು ಬೀಗ ಹಾಕಿ ಹಣ ಕೇಳುತ್ತದೆ. ಕಂಪ್ಯೂಟರಿಗೆ ಆ ಹೊತ್ತಿನಲ್ಲಿ ಜೋಡಿಸಿರುವ ಹಾರ್ಡ್ ಡಿಸ್ಕಿಗೂ, ನೆಟ್‌ವರ್ಕಿನಲ್ಲಿ ತೆರೆದಿರುವ ನ್ಯಾಸ್ ಪೆಟ್ಟಿಗೆಗೂ ಅದು ಬೀಗ ಹಾಕಬಲ್ಲದು. ಸಿಂಕ್ ಆಗುವ ಕ್ಲೌಡ್ ಫೋಲ್ಡರಿಗೂ ಹಾಳಾದ ಕಡತಗಳು ಹೋಗುತ್ತವೆ. ಕೈಯಿಂದ ಬಿಚ್ಚಿ ಪೆಟ್ಟಿಗೆಯಲ್ಲಿಟ್ಟ ಡಿಸ್ಕನ್ನು ಮಾತ್ರ ಯಾವ ವೈರಸ್ಸೂ ಮುಟ್ಟಲಾರದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ (ಸುರಕ್ಷತಾ ತಿದ್ದುಪಡಿಗಳೂ ಸೇರಿ) 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ನಮ್ಮ ಅಂಗಡಿಗಳಲ್ಲಿ ಅದಿನ್ನೂ ನಡೆಯುತ್ತಿದೆ. ಅಂಥ ಕಂಪ್ಯೂಟರ್ ಇದ್ದವರು ನಕಲು ಮುಗಿದ ಕೂಡಲೇ ಡಿಸ್ಕ್ ಬಿಚ್ಚುವುದನ್ನು ದೀಪ ಆರಿಸಿ ಬಾಗಿಲು ಹಾಕುವಷ್ಟು ಸಹಜ ಅಭ್ಯಾಸ ಮಾಡಿಕೊಳ್ಳಬೇಕು.

ತಂತ್ರಾಂಶಕ್ಕೆ ಹಣ ಕೊಡಬೇಕಿಲ್ಲ. ವಿಂಡೋಸ್‌ನ ಫೈಲ್ ಹಿಸ್ಟರಿ ಹಳೆಯ ಆವೃತ್ತಿಗಳನ್ನೂ ಇಟ್ಟುಕೊಳ್ಳುತ್ತದೆ. ಮ್ಯಾಕ್‌ನಲ್ಲಿ ಟೈಮ್ ಮಷೀನ್ 2007ರಿಂದಲೇ ಇದೆ. ನಾನು ಬಳಸುವುದು ಉಚಿತವಾದ ಫ್ರೀಫೈಲ್‌ಸಿಂಕ್. ಅದರಲ್ಲಿ 'ಮಿರರ್' ಆಯ್ಕೆ ಮಾಡಿದರೆ ಮೂಲದಲ್ಲಿ ಅಳಿಸಿದ್ದು ನಕಲಿನಲ್ಲೂ ಅಳಿಯುತ್ತದೆ. ಅಳಿದದ್ದನ್ನು ಬೇರೊಂದು ಫೋಲ್ಡರಿಗೆ ತಳ್ಳುವ ವ್ಯವಸ್ಥೆ ಅಲ್ಲೇ ಇದೆ, ಅದನ್ನು ಮೊದಲ ದಿನವೇ ಹೊಂದಿಸಿ.

ಡಿಸ್ಕಿನಲ್ಲಿ ಗಿರಾಕಿಗಳ ಆಧಾರ್, ಪಾನ್ ಪ್ರತಿಗಳಿದ್ದರೆ ಎನ್‌ಕ್ರಿಪ್ಷನ್ (ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಕಡತಗಳನ್ನು ಬದಲಿಸಿಡುವುದು) ಮಾಡುವುದು ಅವರಿಗೆ ನಾವು ಸಲ್ಲಿಸಬೇಕಾದ ಕನಿಷ್ಠ ಗೌರವ. ಉಚಿತವಾದ ವೆರಾಕ್ರಿಪ್ಟ್ ಸಾಕು. ಪಾಸ್‌ವರ್ಡ್ ಮರೆತರೆ ಯಾರಿಂದಲೂ ತೆರೆಯಲಾಗದು, ಹೀಗಾಗಿ ಕಾಗದದ ಮೇಲೆ ಬರೆದು ಡಿಸ್ಕಿನಿಂದ ದೂರ ಇಡಿ.

ಯಾರಿಗೆ ಯಾವುದು

ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕರು ಜನಪ್ರಿಯಗೊಳಿಸಿದ 3-2-1 ಸೂತ್ರ ಹಲವರಿಗೆ ಗೊತ್ತು: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಸ್ಥಳದಲ್ಲಿ. ನಮ್ಮ ರೈತರು ಬಿತ್ತನೆಯ ಜೋಳವನ್ನು ಉಣ್ಣುವ ಜೋಳದ ಜೊತೆ ಇಡುವುದಿಲ್ಲ. ಬೂದಿ ಬೆರೆಸಿ, ಬೇರೆ ಗಡಿಗೆಯಲ್ಲಿ, ಬೇರೆ ಮೂಲೆಯಲ್ಲಿ ಇಡುತ್ತಾರೆ. ವಿವೇಕ ಅದೇ.

ಮನೆಯಲ್ಲಿ ಒಂದು ಲ್ಯಾಪ್‌ಟಾಪ್ ಇರುವ ಶಿಕ್ಷಕರಿಗೆ, ವಿದ್ಯಾರ್ಥಿಗಳಿಗೆ ಒಂದು ಟಿಬಿಯ (ಸುಮಾರು ಸಾವಿರ ಜಿಬಿ) ಒಂದು ಹಾರ್ಡ್ ಡಿಸ್ಕ್ ಮತ್ತು ಉಚಿತ ಕ್ಲೌಡ್ ಸಾಕು. ಪ್ರಬಂಧ ಬರೆಯುತ್ತಿರುವವರು ಪ್ರತಿ ವಾರ ದಿನಾಂಕ ಹಾಕಿ ಹೊಸ ಹೆಸರಿನಲ್ಲಿ ಉಳಿಸುತ್ತಾ ಹೋಗಲಿ, ಹಳೆಯದರ ಮೇಲೆಯೇ ಬರೆಯುವುದು ಬೇಡ. ಗಂಜಿನ ವ್ಯಾಪಾರಿಗಳಿಗೆ ನಾನು ಕ್ಲೌಡನ್ನೇ ಮುಂದಿಡುತ್ತೇನೆ. ಲೆಕ್ಕ ಬರೆಯುವ ತಂತ್ರಾಂಶವಾದ ಟ್ಯಾಲಿಯ ಕಡತಗಳು ಚಿಕ್ಕವು, ದಿನವೂ ಬದಲಾಗುತ್ತವೆ, ಸಂಜೆ ಅಂಗಡಿ ಮುಚ್ಚುವಾಗ ಟ್ಯಾಲಿಯ ಸ್ವಂತ ಬ್ಯಾಕಪ್ ಆಯ್ಕೆಯಿಂದ ನಕಲು ತೆಗೆದು ಮೇಲಕ್ಕೆ ಕಳಿಸುವುದು ಕೆಲವು ನಿಮಿಷಗಳ ಕೆಲಸ. ಜಿಎಸ್‌ಟಿ ಕಾನೂನಿನಂತೆ ಲೆಕ್ಕದ ದಾಖಲೆಗಳನ್ನು ವಾರ್ಷಿಕ ವಿವರ ಸಲ್ಲಿಕೆಯ ಗಡುವಿನಿಂದ 72 ತಿಂಗಳು ಇಡಬೇಕು. ಆದ್ದರಿಂದ ಮಾರ್ಚ್ 31ಕ್ಕೆ ವರ್ಷದ ಲೆಕ್ಕ ಮುಗಿದಾಗ ಒಂದು ಪ್ರತಿಯನ್ನು ಡಿಸ್ಕಿಗೆ ಹಾಕಿ, ಮತ್ತೆ ಮುಟ್ಟದಂತೆ ಎತ್ತಿಡಿ. ಸ್ಟುಡಿಯೊದವರದ್ದು ಟಿಬಿಗಳ ಲೆಕ್ಕ, ಕ್ಲೌಡ್ ಅವರಿಗೆ ದುಬಾರಿ. ಎರಡು ದೊಡ್ಡ ಹಾರ್ಡ್ ಡಿಸ್ಕ್, ಒಂದು ಸ್ಟುಡಿಯೊದಲ್ಲಿ, ಒಂದು ಮನೆಯಲ್ಲಿ. ಆಲ್ಬಮ್ ಗಿರಾಕಿಯ ಕೈ ಸೇರುವವರೆಗೆ ಕ್ಯಾಮೆರಾದ ಕಾರ್ಡನ್ನೂ ಅಳಿಸಬೇಡಿ.

ನಾನು ಮಾಡುವುದು ಇದು. ಒಂದು ಗಂಟೆಯ ಒಳ್ಳೆಯ ಗುಣಮಟ್ಟದ ಧ್ವನಿಮುದ್ರಣ ಸುಮಾರು ಒಂದು ಜಿಬಿ ಆಗುತ್ತದೆ, ಹೀಗಾಗಿ ರಾಶಿ ದೊಡ್ಡದು. ಎರಡು ಹಾರ್ಡ್ ಡಿಸ್ಕುಗಳು ಸರದಿಯಲ್ಲಿ ತಿರುಗುತ್ತವೆ: ಒಂದು ನನ್ನ ಬಳಿ, ಇನ್ನೊಂದು ಬೀದರಿನಲ್ಲಿರುವ ಅಕ್ಕನ ಅಲಮಾರಿಯಲ್ಲಿ, ಸೀರೆಗಳ ನಡುವೆ. ತಿಂಗಳಿಗೊಮ್ಮೆ ರೈಲಿನಲ್ಲಿ ಹೋದಾಗ ಅದಲುಬದಲು ಮಾಡುತ್ತೇನೆ. ಪುಸ್ತಕಗಳ ಪಠ್ಯ ಕ್ಲೌಡಿಗೆ ಹೋಗುತ್ತದೆ.

ಬದಲಿಸುವ ಮೊದಲು ಪ್ರತಿ ಸಲ ಡಿಸ್ಕಿನಿಂದ ಮೂರು ಕಡತಗಳನ್ನು ಮನಸ್ಸಿಗೆ ಬಂದಂತೆ ಆರಿಸಿ, ಬೇರೊಂದು ಕಂಪ್ಯೂಟರಿನಲ್ಲಿ ಕೊನೆಯವರೆಗೆ ತೆರೆದು ನೋಡುತ್ತೇನೆ. ಹೆಸರು ಕಂಡರೆ ಸಾಲದು, ತೆರೆಯಬೇಕು. ಒಂದು ಸಲ ಹೀಗೆ ನೋಡಿದಾಗಲೇ ಒಂದು ಇಡೀ ಫೋಲ್ಡರ್ ಅರ್ಧ ನಕಲಾಗಿ ನಿಂತದ್ದು ತಿಳಿಯಿತು, ಮೂಲ ಇನ್ನೂ ಇದ್ದುದರಿಂದ ಸರಿಪಡಿಸಿದೆ. ಕಳೆದ ತಿಂಗಳು ಅಕ್ಕನ ಮನೆಯಲ್ಲಿ ತೆರೆದ ಕಡತಗಳಲ್ಲಿ ಒಂದು ಆ ಮಠದ ಮೊದಲ ರಾತ್ರಿಯದ್ದು. ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ನಿಂತಿತು. ಅಕ್ಕ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತು ಪದ ಮುಗಿಯುವವರೆಗೆ ಕೇಳಿದಳು. ಐವತ್ತೆರಡು ನಿಮಿಷ, ಎಲ್ಲೂ ತುಂಡಾಗಿರಲಿಲ್ಲ.